ಎದೆಯುರಿ, ಮದ್ದಿನ ಚೀಟಿ ಮತ್ತು ಮನೆಯ ಮಾತು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಪರಿಸರದ ಎಷ್ಟೋ ಮನೆಗಳಲ್ಲಿ ಈ ದೃಶ್ಯ ಅಪರಿಚಿತವಲ್ಲ. ಹೃದಯದ ರಕ್ತನಾಳದಲ್ಲಿ ಅಡಚಣೆ ಕಂಡುಬಂದು ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡ ಅಜ್ಜ ಆಸ್ಪತ್ರೆಯಿಂದ ಮರಳಿ ಚಾವಡಿಯಲ್ಲಿ ಕುಳಿತಿರುತ್ತಾರೆ. ಪಕ್ಕದಲ್ಲಿ ಐದಾರು ಬಗೆಯ ಮಾತ್ರೆಗಳು, ಕೈಯಲ್ಲಿ ಇಂಗ್ಲಿಷಿನಲ್ಲಿರುವ ಬಿಡುಗಡೆಯ ಪತ್ರ. ಆಸ್ಪತ್ರೆ ಮಂಗಳೂರಿನದ್ದಾಗಿದ್ದರೆ ದಾದಿಯರು ಕನ್ನಡದಲ್ಲೋ ತುಳುವಿನಲ್ಲೋ ನಾಲ್ಕು ಮಾತು ತಿಳಿಸಿರುತ್ತಾರೆ. ಕಣ್ಣೂರಿನ ಕಡೆಯದ್ದಾಗಿದ್ದರೆ ಮಲಯಾಳದಲ್ಲಿ. ಎರಡಾದರೂ ಮನೆ ತಲಪುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕೊನೆಗೆ ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುವ ಮೊಮ್ಮಗಳೇ ಆ ಪತ್ರವನ್ನು ಓದಿ ಅರ್ಥ ಹೇಳಬೇಕಾಗುತ್ತದೆ.

ವಾರ ಕಳೆಯುವುದರೊಳಗೆ ಅಜ್ಜನಿಗೆ ಎದೆಯುರಿ, ಹುಳಿತೇಗು ಆರಂಭವಾಗುತ್ತದೆ. ಇಂಗ್ಲಿಷ್ ಮದ್ದು ಉಷ್ಣ, ಎರಡು ದಿನ ನಿಲ್ಲಿಸಿ ನೋಡಬಹುದೆಂದು ನೆರೆಯವರು ಸಲಹೆ ನೀಡುತ್ತಾರೆ. ಯಾವ ಮಾತ್ರೆ ಯಾವುದಕ್ಕೆಂದು ತಿಳಿಯದ ಮನೆಯವರು ಹೊಟ್ಟೆಗೆ ಒಗ್ಗದಂತೆ ತೋರಿದ ಒಂದನ್ನು ಬಿಡಿಸುತ್ತಾರೆ. ಅಪಾಯ ಆರಂಭವಾಗುವುದು ಇಲ್ಲಿಂದ.

ಆಂಜಿಯೋಪ್ಲಾಸ್ಟಿಯಲ್ಲಿ ಕಿರಿದಾದ ರಕ್ತನಾಳವನ್ನು ಹಿಗ್ಗಿಸಿ, ಅದು ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಲೋಹದ ಸಣ್ಣ ಜಾಲರಿಯನ್ನು ಇರಿಸುತ್ತಾರೆ. ಆ ಜಾಲರಿಯೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆಸ್ಪಿರಿನ್ ಮತ್ತು ಅದರ ಜೊತೆಗೆ ಕ್ಲೋಪಿಡೋಗ್ರೆಲ್‌ನಂತಹ ಇನ್ನೊಂದು ಮಾತ್ರೆಯನ್ನು ಕೊಡುವುದು ರೂಢಿ. ಇವೆರಡನ್ನು ಅವಧಿಗೆ ಮುನ್ನ ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಆದರೆ ಆಸ್ಪಿರಿನ್ ಜಠರದ ಒಳಪದರದ ರಕ್ಷಣೆಯನ್ನು ಕುಂದಿಸುತ್ತದೆ. ಹುಣ್ಣಾಗಿ ರಕ್ತಸ್ರಾವವಾಗುವ ಸಂಭವವೂ ಇದೆ. ಆದ್ದರಿಂದಲೇ ಅನೇಕರಿಗೆ ಅದರ ಜೊತೆಯಲ್ಲಿ ಆಮ್ಲವನ್ನು ತಗ್ಗಿಸುವ ಪಾಂಟೊಪ್ರಜೋಲ್‌ನಂತಹ ಮಾತ್ರೆಯನ್ನೂ ಬರೆಯುತ್ತಾರೆ. ಒಂದು ಹೃದಯವನ್ನು ಕಾಯುವ ಮದ್ದು, ಇನ್ನೊಂದು ಆ ಮದ್ದಿನಿಂದ ಹೊಟ್ಟೆಯನ್ನು ಕಾಯುವ ಮದ್ದು.

ಇವುಗಳ ವೇಳೆಯೂ ಬೇರೆ. ಪಾಂಟೊಪ್ರಜೋಲನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಸೇವಿಸುವುದು ಸಾಮಾನ್ಯ ಕ್ರಮ. ಆಸ್ಪಿರಿನ್ ಸಾಮಾನ್ಯವಾಗಿ ಊಟದ ಬಳಿಕ. ಎಲ್ಲವನ್ನೂ ಒಟ್ಟಿಗೆ ಊಟದ ಮೇಲೆ ನುಂಗಿದರೆ ಮೊದಲನೆಯದರ ಬಲ ಕುಗ್ಗಿ ಎದೆಯುರಿ ಉಳಿದುಕೊಳ್ಳಬಹುದು. ಇದನ್ನು ತಿಳಿಸುವ ಸೂಚನೆ ಚೀಟಿಯಲ್ಲಿ ಎರಡೇ ಅಕ್ಷರಗಳಲ್ಲಿ ಅಡಗಿರುತ್ತದೆ. ‘ಎ.ಸಿ.’ ಎಂದಿದ್ದರೆ ಊಟಕ್ಕೆ ಮೊದಲು, ‘ಪಿ.ಸಿ.’ ಎಂದಿದ್ದರೆ ಊಟದ ನಂತರ, ‘ಓ.ಡಿ.’ ಎಂದರೆ ದಿನಕ್ಕೊಮ್ಮೆ, ‘ಬಿ.ಡಿ.’ ಎಂದರೆ ಎರಡು ಬಾರಿ, ‘ಎಚ್.ಎಸ್.’ ಎಂದರೆ ಮಲಗುವ ಹೊತ್ತಿಗೆ. ಲ್ಯಾಟಿನ್ ಮೂಲದ ಈ ಸಂಕೇತಗಳು ಯಾವ ಶಾಲೆಯ ಪಠ್ಯದಲ್ಲಿಯೂ ಇಲ್ಲ. ಮೊಮ್ಮಗಳು ತಡವರಿಸಿದರೆ ಅದು ಅವಳ ತಪ್ಪಲ್ಲ.

ಆಮ್ಲದ ಎಲ್ಲ ಮಾತ್ರೆಗಳೂ ಒಂದೇ ಎಂಬ ಭಾವನೆಯೂ ಸರಿಯಲ್ಲ. ಕ್ಲೋಪಿಡೋಗ್ರೆಲ್ ಸೇವಿಸುವವರಲ್ಲಿ ಒಮೆಪ್ರಜೋಲ್ ಆ ಮದ್ದಿನ ಪರಿಣಾಮವನ್ನು ಕಡಿಮೆ ಮಾಡುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿಯೇ ಎಚ್ಚರಿಸಿದೆ. ಅಂಗಡಿಯಿಂದ ಕೇಳಿ ತಂದ ಮಾತ್ರೆಗೂ ವೈದ್ಯರು ಬರೆದ ಮಾತ್ರೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವನ್ನು ಸ್ವಂತ ನಿರ್ಧಾರದಿಂದ ಸೇವಿಸುವುದು ಹೊಟ್ಟೆಗೂ ಹೃದಯಕ್ಕೂ ಕೆಡುಕು. ಅಡುಗೆ ಸೋಡಾವನ್ನು ನೀರಿಗೆ ಹಾಕಿ ಕುಡಿಯುವುದೂ ಸಲ್ಲದು; ಅದರಲ್ಲಿರುವ ಸೋಡಿಯಂ ಹೃದ್ರೋಗಿಗೆ ಹೊರೆಯಾಗುತ್ತದೆ.

ಮನೆಯಲ್ಲಿ ಮಾಡಬಹುದಾದುದು ಬಹಳಷ್ಟಿದೆ. ರಾತ್ರಿಯ ಊಟಕ್ಕೂ ನಿದ್ರೆಗೂ ಕನಿಷ್ಠ ಮೂರು ಗಂಟೆಗಳ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಸುಮಾರು ಅರ್ಧ ಅಡಿ ಎತ್ತರಿಸಬಹುದು. ದಿಂಬುಗಳನ್ನು ಪೇರಿಸಿದರೆ ಹೊಟ್ಟೆ ಮಡಚಿ ಕಷ್ಟ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗುವುದು ಅನೇಕರಿಗೆ ಹಿತಕರ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವುದಕ್ಕಿಂತ ಕುಚ್ಚಲಕ್ಕಿಯ ಗಂಜಿಯನ್ನು ಸ್ವಲ್ಪಸ್ವಲ್ಪವಾಗಿ ಸೇವಿಸುವುದು ಮೇಲು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಖಾರದ ಮೀನುಸಾರು, ಪುನರ್ಪುಳಿಯ ಸಾರು, ಬರಿಹೊಟ್ಟೆಯ ಚಹಾ ಇವುಗಳಲ್ಲಿ ಯಾವುದು ತಮಗೆ ಉರಿ ತರುತ್ತದೆಂಬುದನ್ನು ಅವರವರೇ ಗಮನಿಸಿ ಬಿಡಬೇಕು. ಹೊಗೆಸೊಪ್ಪನ್ನಂತೂ ವೀಳ್ಯದಲ್ಲಿಯೂ ಬೀಡಿಯಲ್ಲಿಯೂ ತೊರೆಯಲೇಬೇಕು.

ಆದರೆ ಸ್ಟೆಂಟ್ ಹಾಕಿಸಿಕೊಂಡವರ ಎದೆಯುರಿಯನ್ನು ಸುಮ್ಮನೆ ಗ್ಯಾಸ್ ಎಂದು ಕರೆದು ಕಾಯಲಾಗದು. ಎದೆಯಲ್ಲಿ ಭಾರ, ಬೆವರು, ಉಸಿರಾಟದ ಕಷ್ಟ, ದವಡೆಗೋ ತೋಳಿಗೋ ಹಬ್ಬುವ ನೋವು ಇದ್ದರೆ ಜೀರಿಗೆ ಕಷಾಯಕ್ಕಾಗಲಿ, ಗೋಲಿ ಸೋಡಾಕ್ಕಾಗಲಿ ಸಮಯ ಕಳೆಯದೆ 108ಕ್ಕೆ ಕರೆಮಾಡಬೇಕು. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಾಧಾರಣ ಉರಿಯೇ ಆಗಿದ್ದರೂ ಯಾವ ಮಾತ್ರೆಯನ್ನು ಬದಲಿಸಬೇಕೆಂಬುದನ್ನು ಹೃದ್ರೋಗ ತಜ್ಞರು ನಿರ್ಣಯಿಸಲಿ.

ಇಷ್ಟನ್ನು ತಿಳಿಯಾದ ಭಾಷೆಯಲ್ಲಿ ಕೇಳಿಕೊಳ್ಳುವುದು ಆಸ್ಪತ್ರೆಯಿಂದ ಬೇಡಿ ಪಡೆಯುವ ಉಪಕಾರವೇನೂ ಅಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿದು ನೀಡಿದ ಸಮ್ಮತಿಯೇ ನಿಜವಾದ ಸಮ್ಮತಿ ಎಂದು ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿದ ಭಾಷೆಯಲ್ಲಿ, ಅವರ ಗ್ರಹಿಕೆಗೆ ಎಟಕುವಂತೆ ವಿವರಿಸಬೇಕೆನ್ನುತ್ತದೆ. ಸನ್ನದಿಗೆ ಕಾಯಿದೆಯ ಬಲವಿಲ್ಲದಿದ್ದರೂ ಅದನ್ನು ಮುಂದಿಟ್ಟು ಕೇಳಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಗಳ ಪ್ರಕಾರ ರೋಗಿ ಕೋರಿದ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. 2016ರ ತಿದ್ದುಪಡಿಯು ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದೂ ಹೇಳಿದೆ. ಸರಕಾರಿ ಆಸ್ಪತ್ರೆಯ ಬಗ್ಗೆ ಅಹವಾಲಿದ್ದರೆ ಸಂವಿಧಾನದ 350ನೆಯ ವಿಧಿಯಂತೆ ಅದನ್ನು ಕನ್ನಡದಲ್ಲಿಯೇ ಅಧಿಕಾರಿಗಳಿಗೆ ಸಲ್ಲಿಸಬಹುದು.

ಆದರೂ ಹೆಚ್ಚಿನ ಕೆಲಸ ಬಿಡುಗಡೆಯ ದಿನ ಹತ್ತು ನಿಮಿಷಗಳಲ್ಲಿ ಆಗುವಂಥದ್ದು. ಮನೆಯ ಹಿರಿಯರೊಬ್ಬರು ಪ್ರತಿ ಮಾತ್ರೆಯನ್ನೂ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಬೇಕು: ಇದು ಯಾವುದಕ್ಕೆ, ಊಟಕ್ಕೆ ಮೊದಲೋ ಅನಂತರವೋ, ಎಷ್ಟು ತಿಂಗಳು? ಉತ್ತರವನ್ನು ಅಲ್ಲಿಯೇ ಕನ್ನಡದಲ್ಲಿ ಪೊಟ್ಟಣದ ಮೇಲೆ ಬರೆದುಕೊಂಡು, ದಾದಿಗೆ ಅದನ್ನು ಮತ್ತೊಮ್ಮೆ ಹೇಳಿ ಸರಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಲಯಾಳ ತಿಳಿಯದಿದ್ದರೆ ಸಂಕೋಚಪಡದೆ ಹಾಗೆಂದು ಹೇಳಬೇಕು. ಕನ್ನಡ ಬಲ್ಲ ಸಿಬ್ಬಂದಿ ಒಬ್ಬರಾದರೂ ದೊರೆಯಬಹುದು. ಮನೆಗೆ ಬಂದ ಮೇಲೆ ಮೊಮ್ಮಗಳು ಆ ಬರಹವನ್ನು ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಗೆ ಇಳಿಸಿ ಅಜ್ಜನ ಮಂಚದ ಬಳಿ ಅಂಟಿಸಲಿ. ಇಂಗ್ಲಿಷ್ ಚೀಟಿಯ ಅರ್ಥವನ್ನು ಊಹಿಸುವ ಹೊರೆಯನ್ನು ಮಾತ್ರ ಆ ಮಗುವಿನ ಮೇಲೆ ಹೊರಿಸಬಾರದು.