ಸೊನ್ನೆ ಬಂತು ಅಂತ ಸುಮ್ನೆ ಕೂತಿದ್ದೆ

ಆಲೂಗೆಡ್ಡೆ ಅಂಗಮಾರಿ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ, ಅದು ಮುಂದಕ್ಕೆ ಇರಲಿ. ಇವತ್ತು ಹೊಟ್ಟೆ ಉರಿದು ಬರೀತಿದೀನಿ. ಉದ್ದ ಆಗುತ್ತೆ, ಡೈರಿಗೆ ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ನಾಲೆ ಪಕ್ಕದ ರಸ್ತೆ ಅಗಲ ಮಾಡ್ತಾರಂತೆ, ಜಮೀನು ಹೋಗುತ್ತಂತೆ ಅಂತ ಟೀ ಅಂಗಡೀಲಿ ಮಾತು ಬಂತು. ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ತಲೆ ಎತ್ತದೆ "ಎಲ್ಲಾ ವೆಬ್‌ಸೈಟಲ್ಲಿ ಹಾಕಿದೀವಲ್ಲ, ನೋಡ್ಕೊಳಿ" ಅಂದ್ರು. ಸರಿ, ಮನೆಗೆ ಬಂದು ಮಗಳ ಕೈಲಿ ತೆಗೆಸಿದೆ. ಅವಳು ಡಿಗ್ರಿ ಓದ್ತಾಳೆ, ನನಗಿಂತ ಚುರುಕು. 140 ಪುಟದ ಪಿಡಿಎಫ್. ಅವಳು ಹುಡುಕೋ ಗುಂಡಿ ಒತ್ತಿ ಊರ ಹೆಸರು ಹಾಕಿದಳು, ಸೊನ್ನೆ. ನನ್ನ ಹೆಸರು ಹಾಕಿದಳು, ಸೊನ್ನೆ. ಸರ್ವೆ ನಂಬರ್ ಹಾಕಿದಳು, ಅದೂ ಸೊನ್ನೆ. "ನಮ್ದು ಇಲ್ಲ ಕಣಪ್ಪ, ಆರಾಮಾಗಿರು" ಅಂದಳು. ನಾನೂ ಆರಾಮಾಗಿ ಶುಂಠಿಗೆ ಮಣ್ಣು ಏರಿಸೋ ಕೆಲಸಕ್ಕೆ ಹೋದೆ.

ಮೂರು ತಿಂಗಳಾದ ಮೇಲೆ ಸರ್ವೆಯವರು ಬಂದು ತೆಂಗಿನ ಮರಕ್ಕೆ ಕೆಂಪು ಬಣ್ಣ ಬಳಿದ್ರು. 9 ಗುಂಟೆ. ಬೋರ್‌ವೆಲ್ಲೂ ಅದರೊಳಗೇ. "ಏನ್ ಗೌಡ್ರೆ, ನೋಟಿಫಿಕೇಶನ್ ನೋಡಿಲ್ವಾ? 83ನೇ ಪುಟದಲ್ಲಿ ನಿಮ್ದು ಐತಲ್ಲ" ಅಂದ್ರು. ತೆಗೆದು ನೋಡಿದ್ರೆ ಹೌದು, ಐತೆ. ನಮ್ಮಪ್ಪನ ಹೆಸರ ಸಮೇತ ಐತೆ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ತನ್ನದೇ ತಪ್ಪು ಅಂದ್ಕೊಂಡು.

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆದ ಮೇಲೆ ಆಕ್ಷೇಪಣೆ ಹಾಕೋಕೆ 60 ದಿನ. ನನಗೆ ಹೇಳೋಕೆ ಮಾತಿತ್ತು. ರಸ್ತೆ ಆಚೆ ಬದಿ ಸರ್ಕಾರಿ ಖರಾಬು ಇದೆ, ಹತ್ತು ಅಡಿ ಅತ್ತ ಸರಿಸಿದ್ರೆ ನನ್ನ ಬೋರು ಉಳಿಯೋದು. ಆ 60 ದಿನದಲ್ಲಿ ನಾನು ಸೊನ್ನೆ ನಂಬ್ಕೊಂಡು ಕೂತಿದ್ದೆ. ಈಗ ಇನ್ನೇನು, ಪರಿಹಾರದ ವಿಚಾರಣೇಲಿ ಬೋರು, ಮರ ಲೆಕ್ಕ ಹಾಕಿಸ್ಕೋಬೇಕು, ಅಷ್ಟೆ.

ತಪ್ಪು ಮಗಳದಲ್ಲ. ಆಮೇಲೆ ಗೊತ್ತಿರೋರನ್ನ ಕೇಳಿ, ನಾನೇ ಕೂತು ನೋಡಿ ತಿಳ್ಕೊಂಡಿದ್ದು ಹೇಳ್ತೀನಿ.

ಕಂಪ್ಯೂಟರ್ ಹುಡುಕೋದು ಕಣ್ಣಿಂದಲ್ಲ. ಒಂದೊಂದು ಅಕ್ಷರಕ್ಕೂ ಒಳಗೆ ಒಂದು ನಂಬರ್ ಇರುತ್ತೆ, ನಾವು ಟೈಪ್ ಮಾಡಿದ ನಂಬರಿಗೂ ಅಲ್ಲಿರೋ ನಂಬರಿಗೂ ತಾಳೆ ಹಾಕುತ್ತೆ. ಕಾಗದವನ್ನ ಸ್ಕ್ಯಾನ್ ಮಾಡಿ ಪಿಡಿಎಫ್ ಅಂತ ಹಾಕಿದ್ರೆ ಅದು ಬರೀ ಫೋಟೋ. ನಮ್ಮ ಹಸು ಫೋಟೋ ಹೆಂಗೋ ಹಂಗೆ. ಅದರಲ್ಲಿ ಅಕ್ಷರಾನೇ ಇಲ್ಲ ಅಂತ ಕಂಪ್ಯೂಟರ್ ತಿಳ್ಕೊಂಡಿರುತ್ತೆ, ಸೊನ್ನೆ ತೋರಿಸುತ್ತೆ. ನನ್ನ ಪಿಡಿಎಫಲ್ಲಿ ಅರ್ಧ ಪುಟ ಹಿಂಗಿತ್ತು.

ಇನ್ನರ್ಧ ಟೈಪ್ ಮಾಡಿದ್ದೇ, ಆದ್ರೆ ಹಳೇ ನುಡಿ ಫಾಂಟಲ್ಲಿ. ನುಡಿಗೆ ನಾನು ಬೈತಿಲ್ಲ. ಕನ್ನಡ ಗಣಕ ಪರಿಷತ್ತಿನವರು ಅದನ್ನ ಕೊಡದಿದ್ರೆ ನಮ್ಮ ಕಚೇರಿಗಳಲ್ಲಿ ಕಂಪ್ಯೂಟರ್ ಕನ್ನಡ ಕಾಣ್ತಾನೇ ಇರಲಿಲ್ಲ. ಆದ್ರೆ ಆ ಹಳೇ ಪದ್ಧತೀಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರ್ತಾರೆ. ಚೀಲದ ಮೇಲೆ ಕುಫ್ರಿ ಜ್ಯೋತಿ ಅಂತ ಬರೆದು ಒಳಗೆ ಬೇರೆ ಬಿತ್ತನೆ ತುಂಬಿದ ಹಾಗೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮಗಳು ಯೂನಿಕೋಡ್ ಕನ್ನಡದಲ್ಲಿ ಊರ ಹೆಸರು ಹಾಕಿದ್ರೆ ಎಲ್ಲಿ ಸಿಗುತ್ತೆ? ಈಗಿನ ನುಡಿಯಲ್ಲೇ ಯೂನಿಕೋಡ್ ಇದೆ, ಹಳೇದನ್ನ ಬದಲಾಯಿಸೋ ತಂತ್ರಾಂಶಗಳೂ ಪುಕ್ಕಟೆ ಸಿಗ್ತವೆ. ದುಡ್ಡಿಲ್ಲ ಅನ್ನೋ ಹಂಗಿಲ್ಲ, ಮನಸಿಲ್ಲ ಅಷ್ಟೆ.

ಇದರ ಮೇಲೆ ಕಾಗುಣಿತದ ಕಾಟ ಬೇರೆ. ಚನ್ನರಾಯಪಟ್ಟಣ, ಚೆನ್ನರಾಯಪಟ್ಟಣ. ಹೊಳೆನರಸೀಪುರ, ಹೊಳೇನರಸೀಪುರ, ಹೊಳೆನರಸಿಪುರ. ಅರಕಲಗೂಡು, ಅರಕಲಗೋಡು. ತಾಲೂಕಿನ ಹೆಸರೇ ಹಿಂಗಾದ್ರೆ ಹಳ್ಳಿ ಹೆಸರಿನ ಕಥೆ ಕೇಳ್ಬೇಡಿ. ಸರ್ವೆ ನಂಬರ್ ಒಂದು ಕಡೆ 45/2, ಇನ್ನೊಂದು ಕಡೆ ೪೫/೨. ಮನುಷ್ಯರಿಗೆ ಎರಡೂ ಒಂದೇ. ಹುಡುಕೋ ಯಂತ್ರಕ್ಕೆ ಬೇರೆ ಬೇರೆ ಆಗಬಹುದು.

ನನಗೆ ನಾಚಿಕೆ ಅನ್ಸಿದ್ದು ಇನ್ನೊಂದು ವಿಷಯಕ್ಕೆ. ಬಿ.ಎಲ್. ರೈಸ್ ಅಂತ ಒಬ್ಬ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆ ಶಾಸನಗಳನ್ನೆಲ್ಲ ಸೇರಿಸಿ ಪುಸ್ತಕ ತಂದ್ರು, ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ. ಅದರಲ್ಲಿ ಶಾಸನಗಳಿಗೆ ತಾಲೂಕುವಾರು ನಂಬರ್ ಕೊಟ್ಟವ್ರೆ. ಚನ್ನರಾಯಪಟ್ಟಣ ಇಂತಿಷ್ಟನೇದು, ಅರಕಲಗೂಡು ಇಂತಿಷ್ಟನೇದು ಅಂತ. ಆ ಕಲ್ಲುಗಳಲ್ಲಿ ಬಹಳಷ್ಟು ಏನು ಅಂದ್ಕೊಂಡ್ರಿ? ಜಮೀನಿನ ದಾಖಲೆ ಕಣ್ರಪ್ಪ. ಯಾವ ಕೆರೆ ಕೆಳಗಿನ ಗದ್ದೆ, ಯಾರಿಗೆ ಬಿಟ್ಟಿದ್ದು, ಎಲ್ಲೆ ಎಲ್ಲಿಂದ ಎಲ್ಲಿವರೆಗೆ. ಹೊಯ್ಸಳರ ಕಾಲದ ಗದ್ದೆ ಯಾರದ್ದು ಅಂತ ಇವತ್ತು ಪುಸ್ತಕದಲ್ಲಿ ನಂಬರ್ ಹಿಡಿದು ತೆಗೀಬಹುದು. ಹೋದ ವರ್ಷ ಹೊರಡಿಸಿದ ನೋಟಿಫಿಕೇಶನ್ನಲ್ಲಿ ನನ್ನ 9 ಗುಂಟೆ ಹುಡುಕೋಕೆ ಆಗಲ್ಲ!

ಕೈಲಾಗಲ್ಲ ಅಂತ ಹೇಳೋ ಹಾಗೂ ಇಲ್ಲ. ಇದೇ ಕರ್ನಾಟಕದಲ್ಲಿ ಭೂಮಿ ತಂತ್ರಾಂಶದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿಸಿದ್ರು. ಹೋಬಳಿ, ಊರು, ಸರ್ವೆ ನಂಬರ್ ಹಾಕಿದ್ರೆ ಪಹಣಿ ಬರುತ್ತೆ. ಯಾಕೆ ಬರುತ್ತೆ? ಅಲ್ಲಿ ಅದು ಫೋಟೋ ಅಲ್ಲ, ಒಂದೊಂದು ಮನೆಗೆ ಒಂದೊಂದು ಮಾಹಿತಿ ತುಂಬವ್ರೆ. ಭೂ ಸುರಕ್ಷಾ ಅಂತ ತಾಲೂಕು ಕಚೇರಿ ರೆಕಾರ್ಡ್ ರೂಮಿನ ಹಳೇ ಕಡತ ಸ್ಕ್ಯಾನ್ ಮಾಡ್ತಾ, ಇಂಡೆಕ್ಸ್ ಮಾಡ್ತಾ ಇದಾರೆ. ಒಳ್ಳೇ ಕೆಲಸ, ಹೊಗಳ್ತೀನಿ. ಇಂಡೆಕ್ಸ್ ಅನ್ನೋ ಮಾತು ಮಾತ್ರ ಬಿಟ್ಕೊಡಬೇಡಿ. ಇಂಡೆಕ್ಸ್ ಇಲ್ಲದ ಸ್ಕ್ಯಾನ್ ಅಂದ್ರೆ ಗೆದ್ದಲು ಹಿಡಿಯದ ಮೂಟೆ, ಅಷ್ಟೇ ಲಾಭ.

"ನಮ್ಮಂಥೋರಿಗ್ಯಾಕೆ ಅದೆಲ್ಲ, ಗ್ರಾಮ ಲೆಕ್ಕಿಗರು ಹೇಳ್ತಾರೆ ಬಿಡು" ಅಂತ ನಮ್ಮ ಪಕ್ಕದ ಹೊಲದ ಅಣ್ಣ ಅಂತಾರೆ. ಅಣ್ಣ, ಆ ಲೆಕ್ಕಿಗರಿಗೆ ಎಷ್ಟು ಊರು ಇದೆ ಅಂತ ನಿಮಗೇ ಗೊತ್ತು. ಅವರು ಹೇಳಿದ್ರೆ ಪುಣ್ಯ, ಹೇಳದಿದ್ರೆ ಹೋಗೋದು ನಮ್ಮ ಜಮೀನು. ಒಂದು ಮಾತು ನಮಗೂ ಸೇರಬೇಕು. ನಾವೂ ಗ್ರೂಪಲ್ಲಿ ಎಲ್ಲ ಕಾಗದದ ವಾರೆ ಫೋಟೋ ಹಾಕ್ತೀವಿ, ಆರು ತಿಂಗಳಾದ ಮೇಲೆ ಯಾವ ಪದ ಹಾಕಿದ್ರೂ ಸಿಗಲ್ಲ. ಫೋಟೋ ಕೆಳಗೆ ಊರು, ಸರ್ವೆ ನಂಬರ್, ತಾರೀಕು ಒಂದು ಸಾಲು ಟೈಪ್ ಮಾಡೋಕೆ ಎಷ್ಟೊತ್ತು?

ನೋಟಿಫಿಕೇಶನ್ ಪಿಡಿಎಫ್ ಕೈಗೆ ಬಂದ್ರೆ ಮೊದಲು ಒಂದು ಪದದ ಮೇಲೆ ಬೆರಳು ಒತ್ತಿ ಹಿಡೀರಿ. ಏನೂ ಆಯ್ಕೆ ಆಗ್ಲಿಲ್ಲ ಅಂದ್ರೆ ಅದು ಫೋಟೋ. ಆಯ್ಕೆ ಆಗಿ, ಕಾಪಿ ಮಾಡಿ ವಾಟ್ಸಾಪಲ್ಲಿ ಅಂಟಿಸಿದಾಗ ಚುಕ್ಕೆ ಗೀಟು ಇರೋ ಇಂಗ್ಲಿಷ್ ಅಕ್ಷರ ಬಂದ್ರೆ ಹಳೇ ನುಡಿ. ಈ ಎರಡರಲ್ಲಿ ಯಾವುದಾದ್ರೂ ಸೊನ್ನೆ ನಂಬಬೇಡಿ, ಒಂದೊಂದು ಪುಟಾನೂ ಕಣ್ಣಲ್ಲಿ ನೋಡಿ, ಬೇರೆ ಊರಿನ ಪಟ್ಟಿ ಮಧ್ಯಾನೂ ನೋಡಿ. ಕನ್ನಡವೇ ಬಂದ್ರೆ ಪೂರ್ತಿ ಹೆಸರು ಹಾಕದೆ ಮಧ್ಯದ ಎರಡು ಮೂರು ಅಕ್ಷರ ಮಾತ್ರ ಹಾಕಿ, ನಂಬರ್ ಎರಡೂ ಅಂಕಿಯಲ್ಲಿ ಹಾಕಿ. ಫೋಟೋ ಪಿಡಿಎಫನ್ನ ಗೂಗಲ್ ಡ್ರೈವಿಗೆ ಏರಿಸಿ, ಕಂಪ್ಯೂಟರಲ್ಲಿ ಗೂಗಲ್ ಡಾಕ್ಸಲ್ಲಿ ತೆರೆದ್ರೆ ಕನ್ನಡ ಅಕ್ಷರ ಓದಿ ಕೊಡುತ್ತೆ. ದೊಡ್ಡ ಕಡತ ಆದ್ರೆ ತುಂಡು ಮಾಡಿ ಹಾಕಿ. 3 ಇರೋದನ್ನ 8 ಅಂತ ಓದಬಹುದು, ಅಂಕಿ ಮಾತ್ರ ನೀವೇ ಪರೀಕ್ಷೆ ಮಾಡಿ.

ಇದೆಲ್ಲ ನಾವು ಮಾಡೋ ಕೆಲಸ ಅಲ್ಲ, ಅವರು ಮಾಡಬೇಕಾದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಎ) ತೆಗೆದು ಓದಿ. ದಾಖಲೆಗಳನ್ನ ಪಟ್ಟಿ ಮಾಡಿ, ಇಂಡೆಕ್ಸ್ ಮಾಡಿ, ಜನಕ್ಕೆ ಮಾಹಿತಿ ಸಿಗೋ ರೀತೀಲಿ ಇಡಬೇಕು ಅಂತ ಕಾನೂನೇ ಹೇಳುತ್ತೆ. "ವೆಬ್‌ಸೈಟಲ್ಲಿ ಹಾಕಿದೀವಲ್ಲ" ಅಂದ ಗುಮಾಸ್ತರ ಮುಂದೆ ಈ ಸೆಕ್ಷನ್ ಇಡಬೇಕು ಅಂತ ನನ್ನ ಆಸೆ.

ಅದಕ್ಕೇ ಬರೋ ಸೋಮವಾರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕ್ತಿದೀನಿ. ಕೇಳ್ತಿರೋದು ಎರಡೇ: ಆ ಅಧಿಸೂಚನೆಯ ಯೂನಿಕೋಡ್ ಪ್ರತಿ, ಮತ್ತೆ ಊರುವಾರು ಸರ್ವೆ ನಂಬರಿನ ಇಂಡೆಕ್ಸ್. ಹಳ್ಳಿಮೈಸೂರು, ಕೊಣನೂರು, ಹಿರೀಸಾವೆ ಕಡೆಯೋರು ಯಾರಾದ್ರೂ ತಮ್ಮ ಕಚೇರಿಗೂ ಹಾಕೋದಾದ್ರೆ ಕಾಮೆಂಟಲ್ಲಿ ಹೇಳಿ, ಅರ್ಜಿ ನಮೂನೆ ಮಗಳು ಟೈಪ್ ಮಾಡಿ ಇಟ್ಟವಳೆ. ಯೂನಿಕೋಡಲ್ಲೇ.