ಠಾಣೆಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ?

ದೊಡ್ಡ ಅಪರಾಧವೊಂದು ಸುದ್ದಿಯಾದರೆ ಸಾಕು, ‘ಆರೋಪಿಗೆ ಮಂಪರು ಪರೀಕ್ಷೆ ಮಾಡಿಸಿ’ ಎಂಬ ಕೂಗು ಏಳುತ್ತದೆ. ರಾಜಕಾರಣಿಗಳೂ ಒಬ್ಬರಿಗೊಬ್ಬರು ಇದೇ ಸವಾಲು ಹಾಕಿಕೊಳ್ಳುತ್ತಾರೆ. ಈ ವಿಷಯ ಸುಪ್ರೀಂ ಕೋರ್ಟಿನಲ್ಲಿ ಎಂದೋ ಇತ್ಯರ್ಥವಾಗಿದೆ ಎಂದು ಬಲ್ಲವರು ಹೇಳುವುದುಂಟು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಬಲವಂತದ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರೂ ಸಂವಿಧಾನಬಾಹಿರ ಎಂದಿತು. ಆದರೆ ಅದೇ ತೀರ್ಪು, ವ್ಯಕ್ತಿ ತಾನಾಗಿ ಒಪ್ಪಿದರೆ ಪರೀಕ್ಷೆ ನಡೆಸಬಹುದು ಎಂಬ ಬಾಗಿಲನ್ನು ತೆರೆದೇ ಇಟ್ಟಿತು. ಪೊಲೀಸರ ವಶದಲ್ಲಿರುವವರ ಮಟ್ಟಿಗೆ ಆ ಬಾಗಿಲನ್ನೂ ಮುಚ್ಚಬೇಕು ಎಂಬುದು ನನ್ನ ವಾದ. ಅದಕ್ಕೆ ನಾನು ಕರೆಯುವ ಸಾಕ್ಷಿ, ಮನಃಶಾಸ್ತ್ರದ ಚರಿತ್ರೆಯಲ್ಲಿ ಅತಿ ಹೆಚ್ಚು ಟೀಕೆಗೆ ಒಳಗಾದ ಪ್ರಯೋಗಗಳಲ್ಲಿ ಒಂದು.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಯುವ ಮನಃಶಾಸ್ತ್ರಜ್ಞ ಊರಿನ ಸಾಮಾನ್ಯ ಜನರನ್ನು ಪ್ರಯೋಗಾಲಯಕ್ಕೆ ಕರೆಸಿದ. ಬಂದವರಲ್ಲಿ ಅಂಚೆ ಗುಮಾಸ್ತರಿದ್ದರು, ಮೇಷ್ಟರುಗಳಿದ್ದರು, ಎಂಜಿನಿಯರುಗಳು, ಕೂಲಿಯವರೂ ಇದ್ದರು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಸ್ವಿಚ್ ಒತ್ತಿ ಅವನಿಗೆ ಶಾಕ್ ಕೊಡಬೇಕು. 15 ವೋಲ್ಟಿನಿಂದ 450 ವೋಲ್ಟಿನವರೆಗೆ ಅದನ್ನು ಏರಿಸುತ್ತ ಹೋಗಬೇಕು. ಶಾಕ್ ಸುಳ್ಳು, ಆ ಕೋಣೆಯಲ್ಲಿದ್ದವನು ನಟ. ಸ್ವಿಚ್ ಒತ್ತುವವರಿಗೆ ಇದು ತಿಳಿದಿರಲಿಲ್ಲ. ಅವರು ಹಿಂಜರಿದಾಗ ಬೂದು ಬಣ್ಣದ ಕೋಟು ತೊಟ್ಟ ವ್ಯಕ್ತಿ ತಣ್ಣನೆಯ ದನಿಯಲ್ಲಿ ‘ಮುಂದುವರಿಸಿ’ ಎನ್ನುತ್ತಿದ್ದ. ಅವನ ಕೈಯಲ್ಲಿ ಲಾಠಿ ಇರಲಿಲ್ಲ, ಬಾಗಿಲಿಗೆ ಬೀಗ ಇರಲಿಲ್ಲ. ಬಂದದ್ದಕ್ಕೆ ಕೊಡುವ ಹಣ, ಏನೇ ಆದರೂ ನಿಮ್ಮದೇ ಎಂದು ಮೊದಲೇ ಹೇಳಲಾಗಿತ್ತು. ಆದರೂ 1963ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ 40 ಮಂದಿಯಲ್ಲಿ 26 ಮಂದಿ ಕಟ್ಟಕಡೆಯ ಸ್ವಿಚ್ಚನ್ನೂ ಒತ್ತಿದರು. ಅವರು ಕ್ರೂರಿಗಳಾಗಿರಲಿಲ್ಲ. ಬೆವರಿದರು, ನಡುಗಿದರು, ಇದು ಸರಿಯಲ್ಲ ಎಂದು ವಾದಿಸಿದರು. ಬಾಯಿ ಬೇಡ ಎನ್ನುತ್ತಿತ್ತು, ಕೈ ಒತ್ತುತ್ತಲೇ ಇತ್ತು.

ಈ ಪ್ರಯೋಗದ ಮೇಲೆ ನೈತಿಕ ಆಕ್ಷೇಪ ಬೇಗನೆ ಬಂತು. ಬಂದವರನ್ನು ವಂಚಿಸಿ ಅವರ ಆತ್ಮಗೌರವಕ್ಕೆ ಪೆಟ್ಟು ಕೊಡಲಾಗಿದೆ, ಪ್ರಯೋಗಾಲಯದಲ್ಲಿ ವಿಜ್ಞಾನಿಯ ಮೇಲಿಡುವ ನಂಬಿಕೆಯನ್ನೇ ದುರುಪಯೋಗ ಮಾಡಿಕೊಳ್ಳಲಾಗಿದೆ ಎಂದು 1964ರಲ್ಲಿ ಡಯಾನಾ ಬಾಮ್ರಿಂಡ್ ಬರೆದರು. ಆ ಆಕ್ಷೇಪ ನ್ಯಾಯವಾದದ್ದು. ಇಂಥ ಚರ್ಚೆಗಳಿಂದಲೇ ಇಂದಿನ ಸಂಶೋಧನಾ ನೀತಿಗಳು ಬಿಗಿಯಾಗಿವೆ. ಶಾಕ್ ನಿಜವಲ್ಲವೆಂದು ಹಲವರಿಗೆ ಅನುಮಾನವಿತ್ತು, ನಿಜಸ್ಥಿತಿಯನ್ನು ಎಷ್ಟೋ ಜನರಿಗೆ ಕೂಡಲೇ ತಿಳಿಸಿರಲಿಲ್ಲ ಎಂದು ದಾಖಲೆಗಳನ್ನು ಕೆದಕಿದ ಜೀನಾ ಪೆರ್ರಿ ಕೂಡ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಆ ಫಲಿತಾಂಶವನ್ನು ನಂಬುವುದು ಹೇಗೆ? ಅದೇ ಪ್ರಯೋಗವನ್ನು ಎಚ್ಚರಿಕೆಯಿಂದ ಮತ್ತೆ ನಡೆಸಿದ ಜೆರ್ರಿ ಬರ್ಗರ್ ಅವರ, 2009ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬೇಕು. ಅವರು ಬಂದವರ ಮನಸ್ಥಿತಿಯನ್ನು ಮೊದಲೇ ತಜ್ಞರಿಂದ ಪರೀಕ್ಷೆ ಮಾಡಿಸಿದರು, 150 ವೋಲ್ಟಿಗೆ ಪ್ರಯೋಗವನ್ನು ನಿಲ್ಲಿಸಿದರು, ಮುಗಿದ ಕೂಡಲೇ ಸತ್ಯ ಹೇಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಬೇಕಾದರೂ ಎದ್ದು ಹೋಗಬಹುದು, ಹಣ ನಿಮ್ಮಲ್ಲೇ ಇರುತ್ತದೆ ಎಂದು ಮೂರು ಸಲ ತಿಳಿಸಿದರು. ಆದರೂ ಸುಮಾರು 70 ಪ್ರತಿಶತ ಜನ 150 ವೋಲ್ಟನ್ನು ದಾಟಲು ಸಿದ್ಧರಾಗಿದ್ದರು. ‘ಬೇಡ ಎನ್ನುವ ಹಕ್ಕು ನಿಮಗಿದೆ’ ಎಂದು ತಿಳಿಸಿದ ಮಾತ್ರಕ್ಕೆ ಬೇಡ ಎನ್ನುವ ಶಕ್ತಿ ಬಂದುಬಿಡುವುದಿಲ್ಲ.

ಇನ್ನು ಬೆಂಗಳೂರಿಗೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೇ ಮಂಪರು ಪರೀಕ್ಷೆಯ ಕೇಂದ್ರವಾಗಿತ್ತು. 2004ರಲ್ಲಿ ನಮ್ಮ ಹೈಕೋರ್ಟ್ ಅದಕ್ಕೆ ಅಸ್ತು ಎಂದಿತ್ತು. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ಹದವರಿತು ರಕ್ತನಾಳಕ್ಕೆ ಕೊಟ್ಟರೆ ಮನಸ್ಸಿನ ಕಾವಲು ಸಡಿಲವಾಗುತ್ತದೆ, ಆಗ ಸತ್ಯ ಹೊರಬರುತ್ತದೆ ಎಂಬುದು ನಂಬಿಕೆ. ಸಡಿಲವಾಗುವುದು ನಿಜ. ಆದರೆ ಆ ಸ್ಥಿತಿಯಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರ ಸೂಚನೆ ಎಲ್ಲ ಕಲಸಿಹೋಗುತ್ತವೆ. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಮಾತುಗಳು ಟಿ.ವಿ. ವಾಹಿನಿಗಳಲ್ಲಿ ಪ್ರಸಾರವಾದವು, ಪ್ರಜ್ಞೆ ಅರ್ಧ ಹೋದವನ ತೊದಲು ಮಾತನ್ನು ದೇಶವೇ ಕುಳಿತು ನೋಡಿತು. 2008ರಲ್ಲಿ ನೋಯ್ಡಾದ ಆರುಷಿ ಪ್ರಕರಣದಲ್ಲಿ ದಂತವೈದ್ಯರ ಬಳಿ ಕೆಲಸಕ್ಕಿದ್ದ ಬಡ ಸಹಾಯಕನೊಬ್ಬನನ್ನು ಇದೇ ಪರೀಕ್ಷೆಗೆಂದು ಬೆಂಗಳೂರಿಗೆ ಕರೆತಂದರು. ಸಿಬಿಐ ಕೊನೆಗೂ ಅವನ ಮೇಲೆ ಆರೋಪಪಟ್ಟಿ ಸಲ್ಲಿಸಲಿಲ್ಲ. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ, ಬ್ರೈನ್ ಮ್ಯಾಪಿಂಗ್‌ಗೆ ವೈಜ್ಞಾನಿಕ ಆಧಾರ ಸಾಲದು, ತನಿಖೆಗೆ ಅದನ್ನು ಬಳಸುವುದನ್ನು ನಿಲ್ಲಿಸಬೇಕು ಎಂದಿತು. ಅಷ್ಟರಲ್ಲಿ ಎಷ್ಟೋ ಮನುಷ್ಯರ ಮೇಲೆ ಪರೀಕ್ಷೆ ನಡೆದುಹೋಗಿತ್ತು. ಇದನ್ನು ಪ್ರಯೋಗವೆನ್ನದೆ ಬೇರೇನೆನ್ನಬೇಕು? ಪರೀಕ್ಷೆಯ ಮಾತಿರಲಿ, ಒಪ್ಪಿಗೆಯನ್ನು ಮಾತ್ರ ನೋಡೋಣ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಾಗಲಿ, ಮತ್ತೀಕೆರೆಯ ರಾಮಯ್ಯ ವೈದ್ಯಕೀಯ ಕಾಲೇಜಿನಲ್ಲಾಗಲಿ, ಸಂಶೋಧನೆಗೆಂದು ಒಬ್ಬರ ತಲೆಗೆ ಇಇಜಿ ತಂತಿ ಅಂಟಿಸಬೇಕಾದರೂ ನೈತಿಕ ಸಮಿತಿ ಒಪ್ಪಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಕೈದಿಗಳನ್ನೂ ಅಧಿಕಾರಕ್ಕೆ ಅಧೀನರಾದ ಇತರರನ್ನೂ ವಿಶೇಷ ರಕ್ಷಣೆ ಬೇಕಾದವರೆಂದು ಗುರುತಿಸುತ್ತದೆ, ಏಕೆಂದರೆ ಅವರ ‘ಹೂಂ’ ಎಷ್ಟು ಸ್ವತಂತ್ರವೆಂದು ಹೇಳಲಾಗದು. ವಿಜ್ಞಾನಕ್ಕೆ ಗೊತ್ತಿರುವ ಈ ಸಂಗತಿ ತನಿಖೆಯ ಮೇಜಿನ ಬಳಿ ಮರೆತುಹೋಗುತ್ತದೆ.

ಸೆಲ್ವಿ ತೀರ್ಪು ಇದನ್ನು ತಕ್ಕಮಟ್ಟಿಗೆ ಗ್ರಹಿಸಿತ್ತು. ವಕೀಲರ ನೆರವು ಸಿಗಬೇಕು, ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು ಎಂಬ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಸೂತ್ರಗಳನ್ನು ಅದು ಕಡ್ಡಾಯ ಮಾಡಿತು. ಇಷ್ಟು ಸಾಕಲ್ಲವೇ ಎಂದು ಕೇಳಬಹುದು. ಆರ್.ಟಿ. ನಗರ, ಹೆಬ್ಬಾಳ ಅಥವಾ ಯಲಹಂಕದ ಠಾಣೆಯೊಂದರಲ್ಲಿ ಕುಳಿತ ಆರೋಪಿಯನ್ನು ಕಲ್ಪಿಸಿಕೊಳ್ಳಿ. ಕಟ್ಟಡ ಕೆಲಸಕ್ಕೆಂದು ಬೇರೆ ಊರಿನಿಂದ ಬಂದವನು, ಕನ್ನಡ ಅರ್ಧಂಬರ್ಧ. ‘ತಪ್ಪು ಮಾಡಿಲ್ಲ ಅಂದರೆ ಪರೀಕ್ಷೆಗೆ ಯಾಕೆ ಹೆದರ್ತೀಯ’ ಎಂದು ಇನ್‌ಸ್ಪೆಕ್ಟರ್ ಕೇಳಿದರೆ ಅವನ ಬಳಿ ಉತ್ತರವಿಲ್ಲ. ಬೇಡ ಎಂದರೆ ಅದೇ ಅನುಮಾನಕ್ಕೆ ಪುರಾವೆಯಾಗುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ತಲೆಯಾಡಿಸಿ ಅವನು ಮತ್ತೆ ಹೋಗಬೇಕಾದದ್ದು ಅದೇ ಇನ್‌ಸ್ಪೆಕ್ಟರರ ಕೈಗೆ. ಬೀಗವಿಲ್ಲದ ಕೋಣೆಯಲ್ಲಿ, ಕಳೆದುಕೊಳ್ಳಲು ಏನೂ ಇಲ್ಲದ ಜನರೇ ಕೋಟು ತೊಟ್ಟವನ ಮಾತು ಮೀರಲಾಗದಿದ್ದರೆ, ಜಾಮೀನು, ಕೂಲಿ, ಊರಲ್ಲಿರುವ ಹೆಂಡತಿ ಮಕ್ಕಳು ಎಲ್ಲವನ್ನೂ ಕಳೆದುಕೊಳ್ಳಬಹುದಾದ ಇವನು ಮೀರುವುದು ಹೇಗೆ? ಮಿಲ್‌ಗ್ರಾಂ ಪರೀಕ್ಷಿಸಿದ್ದು ಇನ್ನೊಬ್ಬರಿಗೆ ನೋವು ಕೊಡುವುದನ್ನು, ತನ್ನ ಮೇಲಿನ ಪರೀಕ್ಷೆಗೆ ಒಪ್ಪುವುದನ್ನಲ್ಲ ಎನ್ನಬಹುದು. ನಿಜ. ಆದರೆ ಪಕ್ಕದ ಕೋಣೆಯ ಚೀರಾಟವೂ ಮುರಿಯಲಾಗದ ವಿಧೇಯತೆಯನ್ನು, ತನ್ನೊಬ್ಬನಿಗೇ ಆಗುವ ಕೇಡಿನ ಅಳುಕು ಮುರಿದೀತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮಗುವಿನ ಮೇಲೆ ಅತ್ಯಾಚಾರವಾದಾಗ, ಬಾಂಬ್ ಸಿಡಿದಾಗ ಈ ಸೂಕ್ಷ್ಮವೆಲ್ಲ ಯಾಕೆ ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ನೊಂದವರಿಗೆ ಸಲ್ಲಬೇಕಾದದ್ದು ಗಟ್ಟಿಯಾದ ತನಿಖೆ. ನ್ಯಾಯಾಲಯದಲ್ಲಿ ನಿಲ್ಲದ ಮಂಪರು ಮಾತಲ್ಲ. ಇದಕ್ಕಿಂತ ಕಠಿಣವಾದ ಆಕ್ಷೇಪ ನಿರಪರಾಧಿಯದು: ತನ್ನ ಹೆಸರು ತೊಳೆದುಕೊಳ್ಳಲು ಅವನೇ ಪರೀಕ್ಷೆ ಬೇಡಿದರೆ? ಸೆಲ್ವಿ ತೀರ್ಪಿನಂತೆ, ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗದು. ಅದರಿಂದ ಪತ್ತೆಯಾದ ಸಂಗತಿಯನ್ನು ಮಾತ್ರ ಪರಿಗಣಿಸಬಹುದು. ಪರೀಕ್ಷೆ ಬೇಡುವುದು ಆರೋಪಿಯ ಪ್ರಶ್ನಾತೀತ ಹಕ್ಕಲ್ಲ ಎಂದು 2025ರ ಜೂನ್‌ನಲ್ಲಿ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣ ಹುಟ್ಟಿದ್ದೇ, ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆ ಎಂಬ ಪೊಲೀಸರ ಮಾತನ್ನು ಪಟ್ನಾ ಹೈಕೋರ್ಟ್ ಜಾಮೀನು ವಿಚಾರಣೆಯಲ್ಲಿ ಒಪ್ಪಿಕೊಂಡಿದ್ದರಿಂದ. ಸೆಲ್ವಿ ತೀರ್ಪು ಬಂದು 15 ವರ್ಷವಾದ ಮೇಲೂ ಪರಿಸ್ಥಿತಿ ಹೀಗಿದೆ.

ಆದ್ದರಿಂದ ಕರ್ನಾಟಕ ಮೊದಲ ಹೆಜ್ಜೆ ಇಡಬೇಕು; ದೇಶಕ್ಕೆ ಈ ಚಾಳಿಯನ್ನು ಹರಡಿದ ಊರು ನಮ್ಮದು. ವಶದಲ್ಲಿರುವ ಯಾರ ಬಳಿಯೂ ಇಂಥ ಪರೀಕ್ಷೆಗೆ ಒಪ್ಪಿಗೆ ಕೇಳಕೂಡದು ಎಂದು ಗೃಹ ಇಲಾಖೆ ಸುತ್ತೋಲೆ ಹೊರಡಿಸಲಿ. ಬಿಡುಗಡೆಯಾದ ಮೇಲೆ, ವಕೀಲರೊಂದಿಗೆ ಏಕಾಂತದಲ್ಲಿ ಮಾತಾಡಿಯೂ ಒಬ್ಬರು ಅದನ್ನು ಬಯಸಿದರೆ ಆ ಮಾತು ಬೇರೆ. ನಿರಾಕರಿಸಿದ್ದನ್ನು ರಿಮ್ಯಾಂಡ್ ಅರ್ಜಿಯಲ್ಲಿ ಬರೆಯುವುದಾಗಲಿ, ಪತ್ರಕರ್ತರಿಗೆ ಹೇಳುವುದಾಗಲಿ ಶಿಕ್ಷಾರ್ಹವಾಗಲಿ. ಸಿರಿಂಜ್ ಹಿಡಿಯಬೇಕಾದ ಅರಿವಳಿಕೆ ವೈದ್ಯರಿಗೂ ಒಂದು ಮಾತು: ಆ ಮಂಚದ ಮೇಲಿರುವ ವ್ಯಕ್ತಿ ನಿಮ್ಮ ಚಿಕಿತ್ಸೆ ಬೇಡಿ ಬಂದ ರೋಗಿಯಲ್ಲ, ಮತ್ತು ಸ್ವಿಚ್ಚಿನ ಮುಂದೆ ಕುಳಿತವರ ಜಾಗದಲ್ಲಿ ಇರುವವರು ನೀವು. ದಯವಿಟ್ಟು ಎದ್ದು ಹೊರಡಿ.