ಎಳೆದೊಯ್ಯುವ ಗಾಡಿಗೂ ಒಂದು ಸ್ಟೆಪ್ನಿ

ವಾಹನದಲ್ಲಿ ಆಪತ್ತಿಗೆಂದು ಇರಿಸಿಕೊಳ್ಳುವ ಹೆಚ್ಚುವರಿ ಚಕ್ರಕ್ಕೆ ಸೊಲ್ಲಾಪುರದಿಂದ ಕಾಸರಗೋಡಿನವರೆಗೂ ಬಳಕೆಯಲ್ಲಿರುವ ಹೆಸರು ಸ್ಟೆಪ್ನಿ. ಮೂಲತಃ ಇದು ಚಕ್ರದ ಹೆಸರಲ್ಲ, ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸಹೋದರರು 1904ರಲ್ಲಿ ಇಂತಹ ಚಕ್ರವೊಂದನ್ನು ರೂಪಿಸಿದರು. ಅದಕ್ಕೆ ಅರೆಕಾಲುಗಳಿರಲಿಲ್ಲ. ಗಾಳಿ ತುಂಬಿದ ಟೈರನ್ನು ಹೊತ್ತ ಬರಿಯ ಬಳೆ ಅದು. ಗಾಳಿ ಹೋದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಪ್ರಯಾಣ ಮುಂದುವರಿಸಬಹುದಿತ್ತು. ಅದಕ್ಕೆ ಮುಂಚೆ ಮೋಟಾರಿನವರು ದಾರಿಯ ಬದಿಯಲ್ಲೇ ಕುಳಿತು ಟೈರ್ ಕಳಚಿ, ಟ್ಯೂಬಿಗೆ ತೇಪೆ ಹಾಕಬೇಕಿತ್ತು. ಹುಟ್ಟಿದ ನಾಡಿನಲ್ಲಿ ಈ ಹೆಸರು ಬಹುಮಟ್ಟಿಗೆ ಮರೆತುಹೋಗಿದೆ. ಭಾರತದ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ.

ಆ ಸ್ಟೆಪ್ನಿ ಈಗ ಕಾರುಗಳಿಂದ ಮೆಲ್ಲಗೆ ಮಾಯವಾಗುತ್ತಿದೆ. ಟ್ಯೂಬ್‌ರಹಿತ ಟೈರ್, ಟೈರಿನ ಗಾಳಿಯೊತ್ತಡವನ್ನು ತಿಳಿಸುವ ಸಾಧನ ಮತ್ತು ದುರಸ್ತಿಯ ಸಲಕರಣೆ ಇವು ಮೂರೂ ಇದ್ದರೆ ಸಣ್ಣ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲವೆಂದು ಭಾರತ ಸರ್ಕಾರ 2020ರ ಜುಲೈನಲ್ಲಿ ನಿಯಮವನ್ನು ತಿದ್ದಿತು. ಕಾರಿನ ಮಟ್ಟಿಗೆ ಇದಕ್ಕೆ ಸಮರ್ಥನೆಯುಂಟು. ಟ್ಯೂಬ್‌ರಹಿತ ಟೈರಿನಿಂದ ಗಾಳಿ ನಿಧಾನವಾಗಿ ಸೋರುತ್ತದೆ, ಸಾಧನವು ಕೂಡಲೇ ಎಚ್ಚರಿಸುತ್ತದೆ, ಚಾಲಕನು ಹತ್ತಿರದ ಅಂಗಡಿಯನ್ನು ತಲುಪಬಲ್ಲನು. ಆದರೆ ಒಂದು ವಾಹನ ಇನ್ನೊಂದನ್ನು ಎಳೆದುಕೊಂಡು ಹೋಗುವಲ್ಲಿ ಈ ತರ್ಕ ನಿಲ್ಲುವುದೇ?

ಈ ಚರ್ಚೆ ಹೆಚ್ಚಾಗಿ ನಡೆದಿರುವುದು ಬ್ರಿಟನ್ನಿನ ಕ್ಯಾರವಾನ್ ಪ್ರಿಯರ ನಡುವೆ. ಕ್ಯಾರವಾನ್ ಎಂದರೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಅದರಲ್ಲಿ ಹೆಚ್ಚುವರಿ ಚಕ್ರ ಇರಲೇಬೇಕೆಂದು ಅಲ್ಲಿನ ಕಾನೂನು ವಿಧಿಸುವುದಿಲ್ಲ. ಬೇಡವೆನ್ನುವವರ ವಾದ ತೂಕದ್ದು. ಉಬ್ಬಿನ ಬಳೆಯೊಡನೆ ಚಕ್ರ 15ರಿಂದ 20 ಕೆ.ಜಿ. ತೂಗುತ್ತದೆ; ಕ್ಯಾರವಾನಿನಲ್ಲಿ ಸಾಮಾನು ತುಂಬಲು ಇರುವ ಅವಕಾಶವೇ ಅಲ್ಪ. ಚಕ್ರವನ್ನು ಮುಂಭಾಗದ ಪೆಟ್ಟಿಗೆಯಲ್ಲಿಟ್ಟರೆ ಕೊಂಡಿಯ ಮೇಲೆ ಭಾರ ಹೆಚ್ಚುತ್ತದೆ, ತೀರ ಹಿಂದಿಟ್ಟರೆ ಗಾಡಿ ಬಾಲ ಬೀಸಿದಂತೆ ಅತ್ತಿತ್ತ ತೂಗಾಡುತ್ತದೆ. ಆದುದರಿಂದಲೇ ಅನೇಕರು ಅದನ್ನು ಗಾಡಿಯ ಅಡಿಯಲ್ಲಿ, ಅಚ್ಚಿನ ಸಮೀಪ ತೂಗುಹಾಕುವ ಚೌಕಟ್ಟನ್ನು ಆಯ್ದುಕೊಳ್ಳುತ್ತಾರೆ. ಇನ್ನು ಕೆಲವರು ಟೈರಿನೊಳಕ್ಕೆ ಸುರಿಯುವ ಅಂಟುದ್ರವದ ಡಬ್ಬಿಯೊಂದೇ ಸಾಕೆನ್ನುತ್ತಾರೆ.

ಅಂಟುದ್ರವ ಸಾಲದೆಂಬುದಕ್ಕೆ ಕಾರಣ ಎಳೆಯುವ ಕ್ರಿಯೆಯಲ್ಲೇ ಇದೆ. ಕಾರಿನದೇ ಟೈರಿನ ಗಾಳಿ ಹೋದರೆ ಚಾಲಕನ ಕೈಗೆ ತಿಳಿಯುತ್ತದೆ. ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ. ಹಿಂದಿನ ಗಾಡಿಯ ಟೈರ್ ಬತ್ತಿದಾಗ ಮುಂದಿನವನಿಗೆ ಸುಳಿವೇ ಸಿಗದಿರಬಹುದು. ಒತ್ತಡ ತಿಳಿಸುವ ಸಾಧನವನ್ನು ಗಾಡಿಯ ಚಕ್ರಗಳಿಗೂ ಜೋಡಿಸದಿದ್ದರೆ, ಬತ್ತಿದ ಟೈರ್ ಭಾರ ಹೊತ್ತೇ ಉರುಳಿ, ಬಿಸಿಯೇರಿ, ಪಕ್ಕದ ಗೋಡೆ ಹರಿದು ಚಿಂದಿಯಾಗುತ್ತದೆ. ಅಂಟುದ್ರವವಾದರೋ ನೆಲ ಮುಟ್ಟುವ ಭಾಗದ ಮೊಳೆತೂತಿಗೆ ಮಾತ್ರ ಮದ್ದು. ಹರಿದ ಟೈರಿಗೆ ಅದರಿಂದ ಪ್ರಯೋಜನವಿಲ್ಲ. ಕಾರಿನ ಸ್ಟೆಪ್ನಿ ಗಾಡಿಗೆ ಹೊಂದುವುದೂ ಅಪರೂಪ. ಅಳತೆ ಬೇರೆ, ಹೊರುವ ಶಕ್ತಿ ಬೇರೆ, ನಟ್ಟುಗಳ ಜೋಡಣೆ ಬೇರೆ. ಹೀಗಾಗಿ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ನಡೆದೀತು, ಎಳೆಯುವ ಗಾಡಿಯಲ್ಲಿ ಇಲ್ಲದಿದ್ದರೆ ನಡೆಯದು.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಸೀಮೆಯಲ್ಲಿ ಕ್ಯಾರವಾನುಗಳಿಲ್ಲ. ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು ಇರುಳೆಲ್ಲ ಕಾರ್ಖಾನೆಯತ್ತ ಸಾಗುತ್ತವೆ. ಕಡಿದ ಕಬ್ಬು ಒಂದು ದಿನದೊಳಗೆ ಗಾಣ ಸೇರಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕುಗ್ಗುತ್ತದೆ. ಇಂತಹ ಅವಸರದಲ್ಲಿ ಟ್ರೇಲರಿನ ಟೈರ್ ಒಡೆದು, ಜೊತೆಯಲ್ಲಿ ಬೇರೆ ಚಕ್ರವಿಲ್ಲದಿದ್ದರೆ ಚಾಲಕನು ಮಾಡುವುದೇನು? ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೊಂದು ಗಿಡದ ಟೊಂಗೆ ನೆಟ್ಟು, ಟ್ರೇಲರನ್ನು ಬಿಚ್ಚಿ ರಸ್ತೆಯ ಅಂಚಿನಲ್ಲೇ ಬಿಟ್ಟು ಊರಿಗೆ ಓಡುತ್ತಾನೆ. ದೀಪವಿಲ್ಲದ, ಪ್ರತಿಫಲಕವಿಲ್ಲದ ಆ ಕಪ್ಪು ರಾಶಿ ಗಂಟೆಗಟ್ಟಲೆ ಅಲ್ಲಿರುತ್ತದೆ. ಎದುರು ವಾಹನದ ಬೆಳಕು ಕಣ್ಣಿಗೆ ಕುಕ್ಕುವಾಗ ಬೈಕ್ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಟ್ರೇಲರ್ ಹೊರಟುಹೋದ ಮೇಲೂ ಕಲ್ಲುಗಳು ರಸ್ತೆಯಲ್ಲಿ ಉಳಿದು ಮುಂದಿನವನನ್ನು ಕಾಯುತ್ತವೆ.

ಸ್ಟೆಪ್ನಿಗೆ ಹಣ ಹಾಕಬೇಕಾದವನು ಗಾಡಿಯ ಒಡೆಯ. ಅದು ಇಲ್ಲದ್ದರ ಬೆಲೆ ತೆರುವವರು ಬೇರೆಯವರು: ಕತ್ತಲಲ್ಲಿ ಚಕ್ರದ ಬಳಿ ಕೂರುವ ಚಾಲಕ, ಹೊರೆಯ ಮೇಲೆ ಮಕ್ಕಳೊಂದಿಗೆ ಕುಳಿತು ಬಿಡಾರಕ್ಕೆ ಮರಳುವ ಕಬ್ಬು ಕಡಿಯುವ ದಂಪತಿ, ಅದೇ ದಾರಿಯಲ್ಲಿ ಬರುವ ಅಪರಿಚಿತ. ಒಬ್ಬನ ಉಳಿತಾಯ ಇನ್ನೊಬ್ಬನ ಜೀವದ ಮೇಲೆ ನಿಂತಿರುವಾಗ ಅದನ್ನು ಉಳಿತಾಯವೆನ್ನಲಾಗದು. ಎರಡೂ ಟ್ರೇಲರುಗಳಿಗೆ ಒಂದೇ ಅಳತೆಯ ಚಕ್ರಗಳಿದ್ದರೆ ಎರಡಕ್ಕೂ ಸೇರಿ ಒಂದು ಸ್ಟೆಪ್ನಿ ಸಾಕು. ಆ ಖರ್ಚು ಹಂಗಾಮಿನ ಗಳಿಕೆಯ ಮುಂದೆ ದೊಡ್ಡದಲ್ಲ.

ಚಕ್ರವೊಂದಿದ್ದರೆ ಮುಗಿಯಲಿಲ್ಲ. ತುಂಬಿದ ಟ್ರೇಲರನ್ನು ಎತ್ತಬಲ್ಲ ಜಾಕ್, ಅದರಡಿಗೆ ಗಟ್ಟಿಯಾದ ಹಲಗೆ, ನಟ್ಟಿಗೆ ಹೊಂದುವ ಪಾನಾ, ಬ್ಯಾಟರಿ, ಪ್ರತಿಫಲಿಸುವ ತ್ರಿಕೋನ ಇವೆಲ್ಲ ಜೊತೆಗಿರಬೇಕು. ಚಕ್ರ ಬದಲಿಸುವಾಗ ಟ್ರೇಲರ್ ಟ್ರ್ಯಾಕ್ಟರಿಗೆ ಕಟ್ಟಿಯೇ ಇರಬೇಕು, ಟ್ರ್ಯಾಕ್ಟರಿನ ಬ್ರೇಕ್ ಹಾಕಿರಬೇಕು, ಉಳಿದ ಚಕ್ರಗಳಿಗೆ ಆಸರೆ ಕೊಟ್ಟಿರಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮೈಯೊಡ್ಡಬಾರದು. ಹೊಸದಾಗಿ ಹಾಕಿದ ಚಕ್ರದ ನಟ್ಟುಗಳನ್ನು ಸ್ವಲ್ಪ ದೂರ ಸಾಗಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಕೆಲಸ ಮುಗಿದೊಡನೆ ಕಲ್ಲುಗಳನ್ನು ರಸ್ತೆಯಿಂದ ತೆಗೆಯಬೇಕು.

ವರ್ಷದ ಹೆಚ್ಚು ಕಾಲ ನಿಂತೇ ಇರುವುದು ಕ್ಯಾರವಾನಿಗೂ ಕಬ್ಬಿನ ಟ್ರೇಲರಿಗೂ ಸಮಾನವಾದ ಗುಣ. ಅವುಗಳ ಟೈರ್ ಸವೆದು ಹಾಳಾಗುವುದಕ್ಕಿಂತ ಮುಂಚೆ ಬಿಸಿಲಿಗೆ ಒಣಗಿ, ಒಂದೇ ಜಾಗದ ಮೇಲೆ ಭಾರ ಬಿದ್ದು, ಪಕ್ಕದಲ್ಲಿ ಬಿರುಕು ಬಿಡುತ್ತದೆ. ಮೇಲ್ಮೈಯ ಗೆರೆಗಳು ಹೊಸದರಂತೆ ಕಂಡರೂ ನಂಬುವಂತಿಲ್ಲ. ಟೈರಿನ ವಯಸ್ಸು ಅದರ ಮೈಮೇಲೆಯೇ ಬರೆದಿರುತ್ತದೆ. ಪಕ್ಕದ ಗೋಡೆಯಲ್ಲಿ ಅಚ್ಚಾದ ನಾಲ್ಕಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದ ಟೈರ್. ಸ್ಟೆಪ್ನಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಹತ್ತು ವರ್ಷ ಗಾಡಿಯಡಿ ನೇತಾಡಿದ ಚಕ್ರ ಎಂದೂ ಉರುಳದಿದ್ದರೂ ಹಳೆಯದೇ.

ಐದನೆಯ ತರಗತಿಯ ಮಗುವೂ ಈ ಅಂಕಿಗಳನ್ನು ಓದಬಲ್ಲದು. ಹಂಗಾಮಿಗೆ ಮುಂಚಿನ ಒಂದು ಭಾನುವಾರ ಮನೆಯ ಮಕ್ಕಳು ಅಂಗಳದ ಟ್ರೇಲರನ್ನು ಸುತ್ತಿ, ಪ್ರತಿ ಟೈರಿನ ವಾರ ಮತ್ತು ವರ್ಷವನ್ನು ನೋಟ್‌ಬುಕ್ಕಿನಲ್ಲಿ ಬರೆದು ಹಿರಿಯರ ಮುಂದಿಟ್ಟರೆ, ಯಾವ ಚಕ್ರವನ್ನು ಬದಲಿಸಬೇಕು, ಸ್ಟೆಪ್ನಿ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಗಾಡಿ ಹೊಲಕ್ಕೆ ಇಳಿಯುವ ಮೊದಲೇ ತೀರ್ಮಾನವಾಗುತ್ತದೆ.